ಸ್ವಂತ ವಾಕ್ಯದಲ್ಲಿ ಬಳಸಿರಿ

ಹೊಸದುರ್ಗ
ತಾ॥ 9-10-1910

ತೀರ್ಥರೂಪ ಸಮಾನರಾದ ಅಣ್ಣ ಪಂಚಾಕ್ಷರಪ್ಪನವರಿಗೆ ತಂಗಿ ಕೊಟ್ರಮ್ಮನ ಶರಣಾರ್ಥಿಗಳು.

‘ಹರಿದ ಹೊಳೆಗೆ ಹಿಂದಣ ಊರ ನೆನಪಿಲ್ಲ.’ ಅವ್ವ ರಾಗಿ ಬೀಸುವಾಗ ಹೇಳುತ್ತಿದ್ದ ಹಾಡಿನಲ್ಲಿ ಈ ಸಾಲು ಹೀಗೇ ಇತ್ತೇ? ಮುಂದಿನದು ಎಷ್ಟು ತಡಕಿದರೂ ಸಿಗುತ್ತಿಲ್ಲ. ನನಗೀಗ ಆ ಮಾತಿನ ಮೇಲೆಯೇ ಅನುಮಾನ. ನೆನಪಿಲ್ಲದಿದ್ದರೆ, ಬೇಸಿಗೆಯೆಲ್ಲ ಮರಳಾಗಿ ಮಲಗಿದ್ದ ವೇದಾವತಿ ಮಳೆ ಬಿದ್ದ ಕೂಡಲೇ ಹಳೆಯ ಪಾತ್ರವನ್ನೇ ಹುಡುಕಿಕೊಂಡು ಹೇಗೆ ಬರುತ್ತದೆ? ನಿಮಗೆ ನೆನಪಿದ್ದರೆ ಬರೆಯಿರಿ.

ಒಂದು ಒಳ್ಳೆಯ ಸುದ್ದಿ. ಮಾವನವರು ಒಪ್ಪಿದ್ದಾರೆ. ಮೈಸೂರಿನಲ್ಲಿ ಉಪಾಧ್ಯಾಯಿನಿಯರ ತರಬೇತಿಗೆ ಆರಿಸುವ ಪರೀಕ್ಷೆ ಬರುವ ಮೇ ತಿಂಗಳಲ್ಲಿ ಇದೆಯಲ್ಲ, ಅದಕ್ಕೆ ನಾನು ಕೂರಬಹುದು. ನನ್ನ ಯಜಮಾನರು ಪ್ಲೇಗಿನಲ್ಲಿ ತೀರಿಕೊಂಡ ಮೇಲೆ ಈ ಪಡಸಾಲೆಯಲ್ಲಿ ನನ್ನ ಹೆಸರು ಒಂದು ಒಳ್ಳೆಯ ಮಾತಿಗೆ ಬಂದದ್ದು ಇದೇ ಮೊದಲು. ಪರೀಕ್ಷೆ ಮುಗಿಯುವ ತನಕ ನನ್ನ ವಿಷಯದಲ್ಲಿ ಬೇರೆ ಮಾತು ಎತ್ತುವುದಿಲ್ಲವೆಂದೂ ಹೇಳಿದ್ದಾರೆ. ಒಂದೇ ಕಟ್ಟಳೆ: ನಾನು ಬರೆದ ಪತ್ರವನ್ನೂ ನನಗೆ ಬಂದ ಪತ್ರವನ್ನೂ ಮಠದ ಶಾಲೆಯ ಮೂರ್ತಪ್ಪ ಮಾಸ್ತರು ಎಲ್ಲರೆದುರು ಗಟ್ಟಿಯಾಗಿ ಓದಬೇಕು. ಮಾಸ್ತರಿಗೆ ಇಂಗ್ಲಿಷ್ ಬಾರದು. ಪಾಠದ ಹಾಳೆಯನ್ನು ಅವರು ಹಾಗೆಯೇ ಮಡಿಸಿಡುತ್ತಾರೆ.

ಲೆಕ್ಕಕ್ಕೂ ಕನ್ನಡಕ್ಕೂ ನನಗೆ ಹೆದರಿಕೆಯಿಲ್ಲ. ಇಂಗ್ಲಿಷಿನಲ್ಲಿ ನುಡಿಗಟ್ಟುಗಳನ್ನು ಕೊಟ್ಟು ‘ಸ್ವಂತ ವಾಕ್ಯದಲ್ಲಿ ಬಳಸಿರಿ’ ಎಂದು ಕೇಳುತ್ತಾರಂತೆ. ಅಪ್ಪ ನಮ್ಮಿಬ್ಬರನ್ನೂ ಹೊಳಲ್ಕೆರೆಯ ಮನೆಯಲ್ಲಿ ಒಂದೇ ದೀಪದ ಮುಂದೆ ಕೂರಿಸಿ ಕಲಿಸಿದರು, ಆದರೆ ನುಡಿಗಟ್ಟಿನ ಪಾಠಕ್ಕೆ ಬರುವ ಮೊದಲೇ ನನ್ನ ಮದುವೆಯಾಯಿತು. ನೀವು ಕಚೇರಿಯ ಪರೀಕ್ಷೆಗೆ ಅವನ್ನೇ ಓದುತ್ತಿದ್ದೀರಲ್ಲ, ನನಗೂ ಬರೆದು ಕಳಿಸಿರಿ.

ಊರ ಸುದ್ದಿಯೆಂದರೆ, ಪಕ್ಕದ ಮನೆಯ ಬರಗೇರಮ್ಮನ ವಿಧವೆ ಸೊಸೆಗೆ ಉಡಿಕೆಯಾಯಿತು. ಭರಮಸಾಗರದ ಕಡೆಯ ಗಂಡು. ನಮ್ಮ ಹೊಳಲ್ಕೆರೆಯಲ್ಲಿ ವಿಧವೆಗೆ ಮರುಮದುವೆ ಮಾಡಬೇಕಾದರೆ ಅಣ್ಣತಮ್ಮಂದಿರು ಬಂದು ಎಲೆ ಅಡಿಕೆ ಹಿಡಿಯಬೇಕು. ಇಲ್ಲಿ ಅಷ್ಟೂ ಬೇಡ. ತವರಿನಿಂದ ಒಂದು ಸೀರೆ ಬಂದರೆ ಅವರು ಒಪ್ಪಿದಂತೆ. ಒಂದೊಂದು ಸೀಮೆಗೆ ಒಂದೊಂದು ಪದ್ಧತಿ.

ಅತ್ತಿಗೆಗೆ ನನ್ನ ಶರಣು.

ಕೊಟ್ರಮ್ಮ


ಚಿತ್ರದುರ್ಗ
ತಾ॥ 30-10-1910

ಚಿ॥ ತಂಗಿ ಕೊಟ್ರಮ್ಮನಿಗೆ ಅಣ್ಣನ ಆಶೀರ್ವಾದ.

ನಿನ್ನ ಪತ್ರ ಓದಿ ಆದ ಸಂತೋಷ ಹೇಳತೀರದು. ಮಾವನವರಾದ ಏಕಾಂತಪ್ಪನವರಿಗೆ ನನ್ನ ವಂದನೆ ತಿಳಿಸು. ಹಾಡಿನ ಸಾಲು ನನಗೂ ಅಷ್ಟೇ ನೆನಪು. ಅವ್ವನ ಹಾಡನ್ನು ನಾವು ಯಾವಾಗ ಪೂರ್ತಿ ಕೇಳಿದ್ದೆವು!

ಈಗ ಪಾಠ. ಅಪ್ಪನ ಜಾಗದಲ್ಲಿ ನಾನು ಕುಳಿತಿದ್ದೇನೆಂದು ತಿಳಿ.

‘ಟು ಲೀವ್ ನೋ ಸ್ಟೋನ್ ಅನ್‌ಟರ್ನ್ಡ್’: ಒಂದು ಕಲ್ಲನ್ನೂ ಮಗುಚದೆ ಬಿಡದಿರುವುದು, ಎಂದರೆ ಸಕಲ ಪ್ರಯತ್ನ ಮಾಡುವುದು. ಇದನ್ನು ಕಟ್ಟಿದವನು ನಮ್ಮ ದುರ್ಗ ನೋಡಿಲ್ಲ. ಇಲ್ಲಿ ಕಲ್ಲು ಮಗುಚುತ್ತ ಹೊರಟರೆ ಏಳು ಜನ್ಮ ಬೇಕು, ಸಿಗುವುದೂ ಚೇಳೇ.

‘ಟು ಬ್ರೇಕ್ ದಿ ಐಸ್’: ನೀರ್ಗಲ್ಲು ಒಡೆಯುವುದು. ಹೊಸಬರ ನಡುವಿನ ಬಿಗುಮಾನ ಮುರಿದು ಮಾತು ಆರಂಭಿಸುವುದು.

‘ಟು ಟೇಕ್ ಫ್ರೆಂಚ್ ಲೀವ್’: ಹೇಳದೆ ಕೇಳದೆ ಹೋಗಿಬಿಡುವುದು. ಫ್ರೆಂಚರನ್ನು ಕಂಡರೆ ಇಂಗ್ಲಿಷರಿಗೆ ಆಗದು. ಅದಕ್ಕೇ ಇಂಥದ್ದನ್ನೆಲ್ಲ ಅವರ ತಲೆಗೆ ಕಟ್ಟುತ್ತಾರೆ.

ಒಂದು ಮಾತು ಗಟ್ಟಿಯಾಗಿ ನೆನಪಿಡು. ವಾಕ್ಯ ನಿನ್ನದಾಗಿರಬೇಕು, ಆದರೆ ನಿನ್ನ ವಿಷಯವಾಗಿರಬಾರದು. ಪರೀಕ್ಷಕರಿಗೆ ನಮ್ಮ ಸುಖದುಃಖ ಬೇಕಿಲ್ಲ. ‘ಒಬ್ಬ ಮನುಷ್ಯ’, ‘ಒಬ್ಬಳು ಹೆಂಗಸು’ ಎಂದು ಆರಂಭಿಸಿ, ನಿತ್ಯ ಕಾಣುವುದನ್ನು ಕಥೆಯಂತೆ ಬರೆ. ನೀನು ಬರೆದದ್ದನ್ನು ಕೆಂಪು ಮಸಿಯಲ್ಲಿ ತಿದ್ದಿಟ್ಟುಕೊಂಡು ನಕಲು ಕಳಿಸುತ್ತೇನೆ.

ನಾನು ಜಗಲಿಯಲ್ಲಿ ಕುಳಿತು ಗಟ್ಟಿಯಾಗಿ ಬಾಯಿಪಾಠ ಮಾಡುತ್ತೇನೆ. ಪಕ್ಕದ ಮನೆಯ ಅಕ್ತರ್ ಬೀ ಮೊನ್ನೆ ಇಣುಕಿ, “ಯಾರಿಗ್ರೀ ಅದು ಬೈತಿರೋದು, ಪಂಚಾಕ್ಷರಪ್ನೋರೇ? ನನಗಾದ್ರೆ ಕನ್ನಡದಾಗೆ ಬೈರಿ, ತಿರುಗ್ಸಿ ಕೊಡ್ತೀನಿ” ಎಂದರು. ನಿನ್ನ ಅತ್ತಿಗೆ ಮಹಾದೇವಮ್ಮ ಒಳಗೆ ನಕ್ಕದ್ದು ಬೀದಿಗೆ ಕೇಳಿಸಿತು. ಅಣ್ಣ ತಂಗಿ ಇಬ್ಬರೂ ಒಟ್ಟಿಗೆ ಪರೀಕ್ಷೆಗೆ ಓದುತ್ತಿದ್ದೇವೆಂದು ಅಕ್ತರ್ ಬೀಗೆ ಹೇಳಿದೆ.

ಇನ್ನು ನನ್ನ ಪರೀಕ್ಷೆಯ ಮಾತು. ಹೋದ ಸಲ ಕಚೇರಿಯಲ್ಲಿ ಕೆಲಸ ಬಹಳವಾಗಿ ಕೂರಲಾಗಲಿಲ್ಲ. ಬರುವ ಜೂನಿಗೆ ಬೆಂಗಳೂರಿನಲ್ಲಿ ಕೂರುತ್ತೇನೆ.

ನಿನ್ನ ಅಣ್ಣ
ಪಂಚಾಕ್ಷರಪ್ಪ


ಹೊಸದುರ್ಗ
ತಾ॥ 20-11-1910

ಅಣ್ಣನವರಿಗೆ ಕೊಟ್ರಮ್ಮನ ಶರಣಾರ್ಥಿಗಳು.

ನಿಮ್ಮ ಪತ್ರ ಓದಿದ ದಿನ ಪಡಸಾಲೆಯಲ್ಲಿ ಹಬ್ಬದಂತೆ ಜನ. ಕಲ್ಲು ಮಗುಚುವ ಮಾತು ಬಂದಾಗ ಮಾವನವರು, “ಕಲ್ಲು ಮಗುಚಾಕೆ ಮೈಸೂರಿಗೆ ಯಾಕವ್ವ ಹೋಗ್ಬೇಕು? ನಮ್ಮ ಕೆಳಗಿನ ಹೊಲ್ದಾಗೆ ಬೇಕಾದಷ್ಟವೆ” ಎಂದರು. ಬರಗೇರಮ್ಮ ಬಿಡಲಿಲ್ಲ. “ಸುಮ್ಕಿರ್ರಿ ಏಕಾಂತಪ್ನೋರೇ, ನಾಳೆ ಅವ್ಳು ದೊರೆಸಾನಿಯಂಗೆ ಬೂಟು ಹಾಕ್ಕಂಡು ಬಂದ್ರೆ ನೀವೇ ಮೊದ್ಲು ಎದ್ದು ನಿಂತ್ಕಳೋರು” ಎಂದರು. ಮಾವನವರೂ ನಕ್ಕರು. ನಗುವಾಗ ಅವರು ಒಳ್ಳೆಯವರು.

ಬೆಳಗಿನ ಕೆಲಸ ಮುಗಿಸಿ, ಮಧ್ಯಾಹ್ನ ಎಲ್ಲರೂ ಒರಗಿದ ಮೇಲೆ ಹಿತ್ತಲ ಬಾಗಿಲಲ್ಲಿ ಕುಳಿತು ಬರೆಯುತ್ತೇನೆ. ನಾನು ಶಾಲೆಯಲ್ಲಿ ನಿಂತು ಕಪ್ಪು ಹಲಗೆಯ ಮೇಲೆ ಬರೆಯುವಂತೆ ಕನಸು ಬಿತ್ತು. ಏನು ಬರೆದೆನೋ ನೆನಪಿಲ್ಲ. ಕೈಗೆ ಮಾತ್ರ ಸುಣ್ಣದ ಪುಡಿ ಮೆತ್ತಿತ್ತು.

ಕೊಟ್ರಮ್ಮ

ಅಭ್ಯಾಸ, ಇಂಗ್ಲಿಷಿನಲ್ಲಿ

ಟು ಲೀವ್ ನೋ ಸ್ಟೋನ್ ಅನ್‌ಟರ್ನ್ಡ್: ‘ಒಬ್ಬಳು ಮುದುಕಿ ತನ್ನ ಸುಣ್ಣದ ಡಬ್ಬಿಗಾಗಿ ಒಂದು ಕಲ್ಲನ್ನೂ ಮಗುಚದೆ ಬಿಡಲಿಲ್ಲ. ಡಬ್ಬಿ ಅವಳ ಸೊಂಟದಲ್ಲೇ ಇತ್ತು.’

ಟು ಬ್ರೇಕ್ ದಿ ಐಸ್: ‘ಬೀಗರು ಎದುರುಬದುರು ಕುಳಿತು ಸುಮ್ಮನಿದ್ದರು. ಮಗುವೊಂದು ಹೊಸ ಮಾವನ ಪೇಟವನ್ನು ಎಳೆದು ನೀರ್ಗಲ್ಲು ಒಡೆಯಿತು.’

ಟು ಟೇಕ್ ಫ್ರೆಂಚ್ ಲೀವ್: ‘ನಮ್ಮ ಎಮ್ಮೆ ನಿನ್ನೆ ಫ್ರೆಂಚ್ ರಜೆಯ ಮೇಲೆ ಪರರ ತೆಂಗಿನ ತೋಟಕ್ಕೆ ಹೋಗಿತ್ತು.’


ಚಿತ್ರದುರ್ಗ
ತಾ॥ 12-12-1910

ಚಿ॥ ಕೊಟ್ರಮ್ಮನಿಗೆ ಆಶೀರ್ವಾದ.

ಎಮ್ಮೆಯ ವಾಕ್ಯಕ್ಕೆ ಪೂರ್ಣ ಅಂಕ. ಅದನ್ನು ಕಚೇರಿಯಲ್ಲಿ ಓದಿ ತೋರಿಸಿದೆ. ಉಳಿದದ್ದನ್ನು ತಿದ್ದಿ, ಅದರ ನಕಲನ್ನು ಇದರೊಂದಿಗೆ ಕಳಿಸಿದ್ದೇನೆ.

ಮುಂದಿನ ಪಾಠ. ‘ಬಿಟ್ವೀನ್ ದಿ ಡೆವಿಲ್ ಅಂಡ್ ದಿ ಡೀಪ್ ಸೀ’: ಒಂದು ಕಡೆ ಪಿಶಾಚಿ, ಒಂದು ಕಡೆ ಕಡಲು. ನಮ್ಮಲ್ಲಿ ಅತ್ತ ದರಿ ಇತ್ತ ಹುಲಿ ಎನ್ನುತ್ತೇವಲ್ಲ, ಅದೇ. ‘ಬೈ ಹುಕ್ ಆರ್ ಬೈ ಕ್ರೂಕ್’: ಹೇಗಾದರೂ ಸರಿ, ಕೆಲಸ ಸಾಧಿಸುವುದು. ‘ಅಟ್ ದಿ ಇಲೆವೆಂತ್ ಅವರ್’: ಹನ್ನೊಂದನೆಯ ಗಂಟೆಯಲ್ಲಿ, ಎಂದರೆ ಇನ್ನೇನು ಮುಗಿಯಿತೆನ್ನುವ ಕೊನೆಯ ಗಳಿಗೆಯಲ್ಲಿ.

ಯುಗಾದಿ ಕಳೆದ ಮೇಲೆ ನಾನೇ ಬಂದು ನಿನ್ನನ್ನು ಮೈಸೂರಿಗೆ ಕರೆದೊಯ್ಯುತ್ತೇನೆ. ಹೊಸದುರ್ಗ ರೋಡ್ ಸ್ಟೇಷನ್ನಿನಲ್ಲಿ ರೈಲು ಹತ್ತಿದರಾಯಿತು. ಇದು ನನ್ನ ಮಾತು.

ಪಂಚಾಕ್ಷರಪ್ಪ


ಹೊಸದುರ್ಗ
ತಾ॥ 15-1-1911

ಅಣ್ಣನವರಿಗೆ ಕೊಟ್ರಮ್ಮನ ಶರಣಾರ್ಥಿಗಳು.

ಇಲ್ಲಿ ಎಲ್ಲರೂ ಕ್ಷೇಮ. ಸಂಕ್ರಾಂತಿಗೆ ಹಿರಿಯೂರಿನಿಂದ ಮುರುಗೇಶಪ್ಪನವರು ಬಂದಿದ್ದರು. ಮಾವನವರಿಗೆ ದೂರದ ನೆಂಟರು. ಮಾರಿಕಣಿವೆಯ ಹೊಸ ಕಾಲುವೆಯ ಕೆಳಗೆ ಅವರಿಗೆ ಗದ್ದೆಯಾಗಿದೆ. ಗಾಡಿಯ ತುಂಬ ಕಬ್ಬು ತಂದಿದ್ದರು. ಹೆಂಡತಿ ತೀರಿಕೊಂಡು ವರ್ಷವಾಯಿತಂತೆ, ಮಕ್ಕಳು ಚಿಕ್ಕವು.

“ನೀರೈತೆ, ಗದ್ದೆ ಐತೆ. ಮನೇಲಿ ದೀಪ ಹಚ್ಚೋರಿಲ್ಲ ನೋಡ್ರಿ” ಎಂದರು.

“ದೀಪ ಹಚ್ಚೋರು ಎಲ್ಲಾ ಕಡೆ ಅವ್ರೆ ಕಣಪ್ಪ. ಆರದಂಗೆ ನೋಡ್ಕಳೋರು ಬೇಕು” ಎಂದರು ಮಾವನವರು. ಪಡಸಾಲೆಯಲ್ಲಿ ಎಲ್ಲರೂ ನಕ್ಕರು. ನಾನೂ ಒಳಗಿನಿಂದ ನಕ್ಕೆ.

ನಿಮ್ಮ ಪಾಠಗಳು ಬಹಳ ಉಪಯೋಗವಾಗುತ್ತಿವೆ. ತಾಲ್ಲೂಕು ಕಚೇರಿಯಲ್ಲಿ ಇಂಗ್ಲಿಷ್ ಬಲ್ಲ ಗುಮಾಸ್ತರೊಬ್ಬರಿದ್ದಾರೆ. ಮಾವನವರು ಈಗ ಇಂಗ್ಲಿಷ್ ಹಾಳೆಯನ್ನೂ ಅವರಿಗೆ ತೋರಿಸುತ್ತಾರೆ. ಅವರು ಕಣ್ಣಾಡಿಸಿ, “ಪಾಠ ರೀ, ಬರೀ ಪಾಠ” ಎಂದರು. ಪಾಠದ ಹೊರಗೆ ನಾನು ಒಂದು ಮಾತನ್ನೂ ಬರೆಯುವುದಿಲ್ಲವೆಂದು ಮಾವನವರಿಗೆ ಸಮಾಧಾನವಾಗಿದೆ. ನೀವು ನನ್ನ ವಾಕ್ಯಗಳನ್ನು ನಿಧಾನವಾಗಿ ಓದಬೇಕೆಂದು ಬೇಡುತ್ತೇನೆ.

ಕೊಟ್ರಮ್ಮ

ಅಭ್ಯಾಸ, ಇಂಗ್ಲಿಷಿನಲ್ಲಿ

ಬಿಟ್ವೀನ್ ದಿ ಡೆವಿಲ್ ಅಂಡ್ ದಿ ಡೀಪ್ ಸೀ: ‘ಒಬ್ಬಳು ಹೆಂಗಸು ಪಿಶಾಚಿಗೂ ಕಡಲಿಗೂ ನಡುವೆ ನಿಂತಿದ್ದಾಳೆ. ಹೂಂ ಎಂದರೆ ಪರೀಕ್ಷೆ ಹೋಗುತ್ತದೆ, ಉಹೂಂ ಎಂದರೆ ಮನೆ ಹೋಗುತ್ತದೆ.’

ಬೈ ಹುಕ್ ಆರ್ ಬೈ ಕ್ರೂಕ್: ‘ಕೊಟ್ಟ ಮಾತು ಮರೆತು, ಹೇಗಾದರೂ ಸರಿ ಯುಗಾದಿಯ ಹೊತ್ತಿಗೆ ಅವಳನ್ನು ಹೊಳೆ ಕೆಳಗಿನ ಊರಿಗೆ ಕೊಡಬೇಕೆಂದು ಮನೆಯ ಹಿರಿಯರು ಮಾತಾಡುತ್ತಿದ್ದಾರೆ.’

ಅಟ್ ದಿ ಇಲೆವೆಂತ್ ಅವರ್: ‘ಅವಳ ಅಣ್ಣ ಹನ್ನೊಂದನೆಯ ಗಂಟೆಯಲ್ಲಾದರೂ ಬರುವನೆಂದು ಅವಳು ನಂಬಿದ್ದಾಳೆ.’


ಚಿತ್ರದುರ್ಗ
ತಾ॥ 5-2-1911

ಚಿ॥ ಕೊಟ್ರಮ್ಮನಿಗೆ ಆಶೀರ್ವಾದ.

ನಿಧಾನವಾಗಿಯೇ ಓದಿದೆ. ನಿನ್ನ ಇಂಗ್ಲಿಷ್ ಮೂರು ತಿಂಗಳಲ್ಲಿ ಎಷ್ಟು ಪಳಗಿದೆಯೆಂದು ಬೆರಗಾಯಿತು. ಆದರೂ ಗುರುವಾಗಿ ಹೇಳಬೇಕಾದದ್ದು ಹೇಳಬೇಕು. ಮೂರು ವಾಕ್ಯವನ್ನೂ ಒಬ್ಬಳೇ ಹೆಂಗಸಿನ ಮೇಲೆ ಬರೆದಿದ್ದೀಯಾ. ಓದುವವರಿಗೆ ಬೇಸರ ಬರುತ್ತದೆ. ಕುದುರೆ, ಮಳೆ, ರೈಲು ಇವುಗಳ ಮೇಲೂ ಬರೆ. ಮೊದಲಿನ ನಗೆ ಎಲ್ಲಿ ಹೋಯಿತು? ಎಮ್ಮೆಯನ್ನು ಮತ್ತೆ ಕರೆದು ತಾ.

ಹನ್ನೊಂದನೆಯ ಗಂಟೆಯ ವಾಕ್ಯ ಸರಿಯಾಗಲಿಲ್ಲ. ಕೆಲಸ ತಡವಾಗಿಯಾದರೂ ನಡೆದೇ ಹೋಯಿತೆಂಬ ಅರ್ಥ ಅಲ್ಲಿ ಬರಬೇಕು. ಆದ್ದರಿಂದ ‘ಬರುವನೆಂದು ನಂಬಿದ್ದಾಳೆ’ ಎಂಬುದನ್ನು ಹೊಡೆದು, ‘ಅವಳ ಅಣ್ಣ ಹನ್ನೊಂದನೆಯ ಗಂಟೆಯಲ್ಲಿ ಬಂದನು’ ಎಂದು ತಿದ್ದಿದ್ದೇನೆ. ಎಷ್ಟು ಗಟ್ಟಿಯಾಯಿತು ನೋಡು.

ಹೊಸ ನುಡಿಗಟ್ಟುಗಳು. ‘ಟು ಟರ್ನ್ ಎ ಡೆಫ್ ಇಯರ್’: ಕಿವುಡು ಕಿವಿ ತಿರುಗಿಸುವುದು, ಕೇಳಿಯೂ ಕೇಳದಂತಿರುವುದು. ‘ಟು ಬರ್ನ್ ಒನ್ಸ್ ಬೋಟ್ಸ್’: ಬಂದ ದೋಣಿಯನ್ನೇ ಸುಡುವುದು, ಹಿಂದಿರುಗುವ ದಾರಿ ಇಲ್ಲದಂತೆ ಮಾಡಿಕೊಳ್ಳುವುದು. ‘ಟು ಹ್ಯಾಂಗ್ ಬೈ ಎ ಥ್ರೆಡ್’: ಒಂದೇ ದಾರದಲ್ಲಿ ನೇತಾಡುವುದು, ಯಾವಾಗ ಕಡಿದೀತೋ ಎಂಬಂತಿರುವುದು.

ನಿನ್ನ ಪರೀಕ್ಷೆಯ ಅರ್ಜಿಗೆ ರುಜು ಹಾಕಿ ಮೈಸೂರಿಗೆ ಕಳಿಸಿದ್ದೇನೆ. ಸ್ವೀಕರಿಸಿದ್ದಾರೆ.

ಪಂಚಾಕ್ಷರಪ್ಪ


ಹೊಸದುರ್ಗ
ತಾ॥ 19-2-1911

ಅಣ್ಣನವರಿಗೆ ಶರಣಾರ್ಥಿಗಳು.

ಎಲ್ಲರೂ ಕ್ಷೇಮ. ಅರ್ಜಿಯ ಸುದ್ದಿ ಕೇಳಿ ಸಂತೋಷವಾಯಿತು. ಮುರುಗೇಶಪ್ಪನವರು ಇನ್ನೊಮ್ಮೆ ಬಂದು ಹೋದರು. ಯುಗಾದಿ ಕಳೆಯುವ ತನಕ ಕಾಯಬೇಡಿರಿ, ಶಿವರಾತ್ರಿಗೇ ಒಮ್ಮೆ ಬಂದು ಹೋದರೆ ಮಾವನವರಿಗೂ ಸಂತೋಷ. ನೀವು ಹೇಳಿದಂತೆ ರೈಲಿನ ಮೇಲೆ ಒಂದು ವಾಕ್ಯ ಬರೆದಿದ್ದೇನೆ. ಎಮ್ಮೆಯನ್ನು ಮಾರಿದರು.

ಕೊಟ್ರಮ್ಮ

ಅಭ್ಯಾಸ, ಇಂಗ್ಲಿಷಿನಲ್ಲಿ

ಟು ಟರ್ನ್ ಎ ಡೆಫ್ ಇಯರ್: ‘ಹೊಲದಿಂದ ಎಷ್ಟು ಕೂಗಿದರೂ ರೈಲು ಕಿವುಡು ಕಿವಿ ತಿರುಗಿಸುತ್ತದೆ. ಅಣ್ಣಂದಿರೂ ಹಾಗೆಯೇ.’

ಟು ಬರ್ನ್ ಒನ್ಸ್ ಬೋಟ್ಸ್: ‘ದೋಣಿಗೆ ಬೆಂಕಿ ಇಡುವವರು ದಡದಲ್ಲಿದ್ದಾರೆ. ಹೆಂಗಸು ದೋಣಿಯಲ್ಲಿದ್ದಾಳೆ.’

ಟು ಹ್ಯಾಂಗ್ ಬೈ ಎ ಥ್ರೆಡ್: ‘ಅವಳ ಪಾಡು ಒಂದೇ ದಾರದಲ್ಲಿ ನೇತಾಡುತ್ತಿದೆ. ಅಣ್ಣನ ಮನೆಯಿಂದ ಇನ್ನೂ ಸೀರೆ ಬಂದಿಲ್ಲ.’


ಚಿತ್ರದುರ್ಗ
ತಾ॥ 12-3-1911

ಚಿ॥ ತಂಗಿ ಕೊಟ್ರಮ್ಮನಿಗೆ ಅಣ್ಣನ ಅನೇಕ ಆಶೀರ್ವಾದಗಳು.

ಶಿವರಾತ್ರಿಗೆ ಬರಲಾಗಲಿಲ್ಲ. ಕಚೇರಿಯಲ್ಲಿ ಜಮಾಬಂದಿಯ ಕೆಲಸ, ರಜೆ ಸಿಗಲಿಲ್ಲ. ಕಿವುಡು ಅಣ್ಣಂದಿರ ವಾಕ್ಯ ಓದಿ ನಕ್ಕೆ. ಸೀರೆಯ ವಾಕ್ಯಕ್ಕೆ ಬಂದಾಗ ನಗು ನಿಂತಿತು.

ನನಗೆ ನಾಚಿಕೆಯಾಯಿತು ಕೊಟ್ರಮ್ಮ. ಅಪ್ಪ ಹೋದ ಮೇಲೆ ತವರಿನಿಂದ ನಿನಗೆ ಒಂದು ಸೀರೆಯೂ ಬಂದಿಲ್ಲ. ಬಾಯಿಬಿಟ್ಟು ಕೇಳುವವಳಲ್ಲ ನೀನು. ಪಾಠದ ನೆಪದಲ್ಲಿ ಕೇಳಿದೆ. ಗಂಡಸರ ಬುದ್ಧಿ ಮಂದ, ಆದರೆ ಅಷ್ಟೂ ಮಂದವಲ್ಲ. ಅರ್ಥವಾಯಿತು.

ಮರುದಿನವೇ ಪೇಟೆಗೆ ಹೋಗಿ ಹಸಿರು ಮೈಯ, ಕೆಂಪು ಅಂಚಿನ ಸೀರೆ ತಂದೆ. “ಹೊತ್ತಲ್ಲದ ಹೊತ್ತಿನಾಗೆ ಸೀರೆ ಕಳಿಸ್ತೀರಾ? ಒಂದ್ಮಾತು ಅವರ್ನ ಕೇಳಿ ಕಳಿಸ್ರಿ” ಎಂದಳು ಮಹಾದೇವಮ್ಮ. “ತಂಗಿಗೆ ಸೀರೆ ಕೊಡಾಕೆ ಯಾರ್ನ ಕೇಳ್ಬೇಕೇ?” ಎಂದೆ. ಹೊಸದುರ್ಗದ ಸಂತೆಗೆ ಗಾಡಿ ಹೊಡೆಯುವ ಲಾಲ್ ಸಾಬ್ ಇಂದು ಬೆಳಿಗ್ಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಕಳಿಸಿದ್ದೇನೆ. ಇದನ್ನು ಉಟ್ಟುಕೊಂಡೇ ನೀನು ಪರೀಕ್ಷೆಗೆ ಹೋಗಬೇಕು. ರಾಜ್ಯದ ನಾನಾ ಕಡೆಯಿಂದ ಬಂದ ಹೆಣ್ಣುಮಕ್ಕಳ ನಡುವೆ ನಮ್ಮ ಅಪ್ಪನ ಮಗಳು ಎದ್ದು ಕಾಣಬೇಕು.

ಯುಗಾದಿಯ ಆಚೆ ಬರುತ್ತೇನೆ. ಸಿದ್ಧವಾಗಿರು.

ಪಂಚಾಕ್ಷರಪ್ಪ


ಚಿತ್ರದುರ್ಗ
ತಾ॥ 9-4-1911

ಚಿ॥ ಕೊಟ್ರಮ್ಮನಿಗೆ ಆಶೀರ್ವಾದ.

ಸೀರೆ ಮುಟ್ಟಿತೆಂದು ಲಾಲ್ ಸಾಬ್ ಹೇಳಿದ. “ಬಾಗಲಾಗೆ ಹೆಂಗಸ್ರೆಲ್ಲ ಸೇರ್ಬಿಟ್ರು ಸ್ವಾಮಿ, ನನಗೆ ಬೆಲ್ಲದ ನೀರು ಕೊಟ್ರು” ಎಂದ. ನಿನ್ನಿಂದ ಮಾತ್ರ ಒಂದು ಸಾಲೂ ಇಲ್ಲ. ಬಣ್ಣ ಹಿಡಿಸಲಿಲ್ಲವೇ? ಓದಿನಲ್ಲಿ ಮುಳುಗಿದ್ದೀಯೆಂದು ತಿಳಿದು ಸುಮ್ಮನಿದ್ದೆ. ಇಪ್ಪತ್ತೈದಕ್ಕೆ ನಾನು ಅಲ್ಲಿರುತ್ತೇನೆ. ತಲೆಬಿಸಿ ಮಾಡಿಕೊಳ್ಳಬೇಡ.

ಪಂಚಾಕ್ಷರಪ್ಪ


ಹಿರಿಯೂರು
ತಾ॥ 20-4-1911

ಅಣ್ಣಾ,

ಹೊಸದುರ್ಗಕ್ಕೆ ಹೋಗಬೇಡ. ನಾನು ಅಲ್ಲಿಲ್ಲ. ನಿನ್ನ ಪತ್ರ ಅಲ್ಲಿಂದ ಇಲ್ಲಿಗೆ ಬಂತು.

ಈ ಮನೆಯಲ್ಲಿ ನನ್ನ ಪತ್ರವನ್ನು ಯಾರೂ ಓದುವುದಿಲ್ಲ. ಮುರುಗೇಶಪ್ಪನವರಿಗೆ ಅದರ ಗೊಡವೆಯಿಲ್ಲ. ಇನ್ನು ಮೇಲೆ ಎಲ್ಲವನ್ನೂ ಕನ್ನಡದಲ್ಲೇ ಬರೆಯಬಹುದು. ನಿನ್ನನ್ನು ನೀನು ಎನ್ನಬಹುದು. ಬರೆಯಬೇಕಾದದ್ದು ಮಾತ್ರ ಉಳಿದಿಲ್ಲ.

ಆ ದಿನದ್ದು ಹೇಳಿಬಿಡುತ್ತೇನೆ. ನಾನು ಹಿತ್ತಲಲ್ಲಿದ್ದೆ. ಲಾಲ್ ಸಾಬ್ ಬೀದಿಯಿಂದಲೇ “ದುರ್ಗದಿಂದ ತವರಿನ ಸೀರೆ ಬಂದೈತವ್ವೋ” ಎಂದು ಕೂಗಿದ. ಒಳಗೆ ಬರುವಷ್ಟರಲ್ಲಿ ಬರಗೇರಮ್ಮ ಗಂಟು ಬಿಚ್ಚಿ ಸೀರೆಯನ್ನು ಹರವಿದ್ದರು. “ಹಸಿರೇ ಕಳಿಸವ್ನೆ ನೋಡ್ರೇ! ಪುಣ್ಯವಂತಿ ಕಣೇ ನೀನು. ಕೇಳದಂಗೆ ಕಳಿಸೋ ಅಣ್ಣ ಯಾರಿಗವ್ನೆ?” ಎಂದು ನನ್ನ ಗಲ್ಲ ಹಿಡಿದರು. ಮಾವನವರ ಕಣ್ಣಲ್ಲಿ ನೀರು ಬಂದಿತ್ತು. “ನಿಮ್ಮಣ್ಣ ಅಡ್ಡ ಬರ್ತಾನೆ ಅಂದ್ಕಂಡಿದ್ದೆ ಕಣವ್ವ. ದೊಡ್ಡ ಮನಸ್ಸು ಅವಂದು” ಎಂದರು. ಅವರು ಸುಳ್ಳು ಹೇಳಲಿಲ್ಲ. ನನಗೊಂದು ದಾರಿಯಾಯಿತೆಂದೇ ಅವರು ನಂಬಿದ್ದಾರೆ. ಅವತ್ತೇ ಹಿರಿಯೂರಿಗೆ ಆಳು ಹೋಯಿತು.

ನಿನ್ನ ಪತ್ರ ಬಂದದ್ದು ಅದಾದ ಮೇಲೆ. ಮೂರ್ತಪ್ಪ ಮಾಸ್ತರು ಓದುತ್ತ ಓದುತ್ತ ‘ಪರೀಕ್ಷೆಗೆ ಹೋಗಬೇಕು’ ಎಂಬಲ್ಲಿ ನಿಂತುಬಿಟ್ಟರು. ಪಾಪ, ನನ್ನ ಮುಖ ನೋಡಿದರು. “ಯಾತಕ್ಕೆ ಕಳಿಸಿದ್ರೂ ತವರಿನ ಸೀರೆ ತವರಿನ ಸೀರೇನೇ. ಮಾತು ಹೋಗೈತೆ, ಮುಂದಕ್ಕೆ ಓದ್ರಿ” ಎಂದರು ಮಾವನವರು. ಮುಂದೆ ಓದಲು ಹೆಚ್ಚೇನೂ ಇರಲಿಲ್ಲ. ಸಿದ್ಧವಾಗಿರು ಎಂದಿತ್ತು.

ತವರು ಒಪ್ಪಿಲ್ಲ ಎಂಬ ಒಂದೇ ಮಾತು ನನ್ನ ಬಾಗಿಲಿಗೆ ಅಗುಳಿಯಾಗಿತ್ತು ಅಣ್ಣ. ಅದೊಂದನ್ನು ಹಿಡಿದೇ ನಾನು ಯುಗಾದಿಯ ತನಕ ತಳ್ಳುತ್ತಿದ್ದೆ. ನೀನು ಪ್ರೀತಿಯಿಂದ ಅದನ್ನು ತೆಗೆದೆ. ಬೈಯೋಣವೆಂದರೆ ಬೈಯಲು ಬರುವುದಿಲ್ಲ. ನೀನು ಓದದೇ ಹೋಗಿದ್ದರೆ ಬೈಯಬಹುದಿತ್ತು. ಓದಿದೆ, ನಿಂತು ಓದಿದೆ, ನಾಚಿಕೆಯನ್ನೂ ಪಟ್ಟೆ. ನಾನು ಯಾಕೆ ಅದನ್ನು ಹಾಗೆ ಬರೆದೆನೋ. ಸೀರೆ ಕಳಿಸಬೇಡ ಎಂದು ಯಾವ ನುಡಿಗಟ್ಟಿನಲ್ಲಾದರೂ ತುರುಕಬಹುದಿತ್ತು. ಆ ಗುಮಾಸ್ತರಿಗೆ ತಿಳಿದುಬಿಟ್ಟೀತೆಂದು ಹೆದರಿದೆ. ಅವರಿಗೂ ತಿಳಿಯಲಿಲ್ಲ, ನಿನಗೂ ತಿಳಿಯಲಿಲ್ಲ. ನನ್ನ ಇಂಗ್ಲಿಷ್ ಅಷ್ಟು ಪಳಗಿತ್ತು.

ಇವರು ಕೆಟ್ಟವರಲ್ಲ. ಊಟಕ್ಕೆ ಕುಳಿತಾಗ ನನಗೆ ಉಳಿದಿದೆಯೇ ಎಂದು ಇಣುಕಿ ನೋಡುತ್ತಾರೆ. ಕಿರಿಯ ಮಗು ನನ್ನ ಸೆರಗು ಬಿಡುವುದಿಲ್ಲ. ಪರೀಕ್ಷೆಯ ಮಾತನ್ನು ಒಮ್ಮೆ ಎತ್ತಿದೆ. “ಇಲ್ಲಿ ನಿನಗೆ ಏನು ಕಮ್ಮಿ ಆಗೈತೆ ಹೇಳು, ತಂದು ಕೊಡ್ತೀನಿ” ಎಂದರು. ನಿಜಕ್ಕೂ ನೊಂದು ಕೇಳಿದರು. ಏನು ಕಮ್ಮಿಯಾಗಿದೆಯೆಂದು ಹೇಳಲು ನನಗೆ ಆಗಲಿಲ್ಲ. ಅವರಿಗೆ ಅದು ತಂದುಕೊಡುವ ವಸ್ತು.

ತಪ್ಪು ಮಾಡಿದವನ ಮುಖ ಹೊತ್ತು ಈಗ ಬರಬೇಡ. ಬರುವುದಾದರೆ ಹಬ್ಬಕ್ಕೆ ಬಾ, ಅತ್ತಿಗೆಯನ್ನೂ ಕರೆದುಕೊಂಡು. ನಿನ್ನ ಪರೀಕ್ಷೆಗೆ ಚೆನ್ನಾಗಿ ಓದು. ನನ್ನ ಹಾಳೆಗಳು ನಿನ್ನಲ್ಲೇ ಇದ್ದರೆ ಇಟ್ಟುಕೋ.

ಕೊಟ್ರಮ್ಮ


ಚಿತ್ರದುರ್ಗ
ತಾ॥ 23-7-1911

ಚಿ॥ ಸೌ॥ ಕೊಟ್ರಮ್ಮನಿಗೆ,

‘ಸೌ’ ಎಂದು ಬರೆಯಲು ಕೈ ಬಾರದೆ ಮೂರು ತಿಂಗಳು ಪತ್ರ ಬರೆಯಲಿಲ್ಲ. ಬರೆಯದಿರುವುದೂ ಸರಿಯಲ್ಲ ಎನ್ನಿಸಿ ಇಂದು ಕುಳಿತೆ.

ಮೇ ತಿಂಗಳಲ್ಲಿ ಮೈಸೂರಿನಿಂದ ನನ್ನ ವಿಳಾಸಕ್ಕೆ ನಿನ್ನ ಹೆಸರಿನ ಪ್ರವೇಶದ ಚೀಟಿ ಬಂತು. ಅದನ್ನು ನಿನಗೆ ಕಳಿಸಲಿಲ್ಲ. ಕಳಿಸಿ ಏನು ಹೇಳಲಿ? ಹಿರಿಯೂರಿನ ಗಾಡಿ ಹಿಡಿಯಲು ಎರಡು ಸಲ ಪೇಟೆಯ ತನಕ ಹೋದೆ. ಒಂದು ಸಲ ಲಾಲ್ ಸಾಬನ ಗಾಡಿಯೇ ನಿಂತಿತ್ತು. “ತಂಗಿ ಮನೀಗೆ ಹೋಗಾಣ ಬರ್ರಿ ಸ್ವಾಮಿ” ಎಂದ. ತಲೆನೋವೆಂದು ಹಿಂದಿರುಗಿದೆ.

ನಿನ್ನ ಹಾಳೆಗಳೆಲ್ಲ ನನ್ನಲ್ಲಿವೆ. ತೆಗೆದು ನೋಡಿದರೆ ನೀನು ಬರೆದದ್ದಕ್ಕಿಂತ ನನ್ನ ಕೆಂಪು ಮಸಿಯೇ ಹೆಚ್ಚು. ಎರಡು ಕಡೆ ‘ಚೆನ್ನಾಗಿದೆ’ ಎಂದು ಬರೆದಿದ್ದೇನೆ. ಮನೆ ಹೋಗುತ್ತದೆ ಎಂದು ನೀನು ಬರೆದ ಸಾಲಿನ ಅಂಚಿನಲ್ಲೂ ‘ಚೆನ್ನಾಗಿದೆ’.

ನಿನಗೆ ಒಂದು ಸುಳ್ಳು ಹೇಳಿದ್ದೆ. ಕೆಲಸ ಬಹಳವಾಗಿ ಪರೀಕ್ಷೆಗೆ ಕೂರಲಿಲ್ಲ ಎಂದಿದ್ದೆನಲ್ಲ, ಕೂತಿದ್ದೆ. ಹೋದ ಸಲವೂ, ಅದರ ಹಿಂದಿನ ಸಲವೂ ಇಂಗ್ಲಿಷಿನಲ್ಲೇ ಹೋಯಿತು. ಕಚೇರಿಯಲ್ಲಿ ನನ್ನನ್ನು ನೋಡಿ ನಗುತ್ತಿದ್ದರು. ನಿನ್ನ ಪತ್ರ ಬಂದ ದಿನ ಮಾತ್ರ ನಾನು ಗುರು. ಕೆಂಪು ಮಸಿಯ ಬಾಟಲಿ ತೆಗೆದಾಗ ನನಗೆ ಆಗುತ್ತಿದ್ದ ಸಂತೋಷ ಎಂಥದೆಂದು ಈಗ ನೆನೆದರೆ ಮೈ ಮುದುಡುತ್ತದೆ. ನಿನ್ನ ವಾಕ್ಯದಲ್ಲಿ ತಪ್ಪು ಹುಡುಕುತ್ತಿದ್ದವನಿಗೆ ನೀನು ಕಾಣಲಿಲ್ಲ.

ಜೂನಿನಲ್ಲಿ ಬೆಂಗಳೂರಿಗೆ ಹೋಗಿ ಕೂತೆ. ಪ್ರಶ್ನೆಪತ್ರಿಕೆಯಲ್ಲಿ ಹನ್ನೊಂದನೆಯ ಗಂಟೆ ಬಂದಿತ್ತು. ನನಗೆ ಬೇರೆ ವಾಕ್ಯ ಹೊಳೆಯಲಿಲ್ಲ. ತಿದ್ದುವುದಕ್ಕೆ ಮೊದಲು ನೀನು ಹೇಗೆ ಬರೆದಿದ್ದೆಯೋ ಹಾಗೆಯೇ ಬರೆದೆ, ಅವಳು ನಂಬಿದ್ದಾಳೆ ಎಂದು. ಬರೆದು ಬಹಳ ಹೊತ್ತು ಮುಂದಕ್ಕೆ ಹೋಗಲಾಗಲಿಲ್ಲ. ಮೇಲ್ವಿಚಾರಕರು ಬಂದು ಮೈಗೆ ಹುಷಾರಿಲ್ಲವೇ ಎಂದು ಕೇಳಿದರು.

ಪಾಸಾಗಿದ್ದೇನೆ. ಇದನ್ನು ನಿನಗೆ ಹೇಳದೆ ಇರುವುದು ಹೇಗೆ? ಹೇಳುವುದು ಹೇಗೆಂಬುದೂ ತಿಳಿಯುವುದಿಲ್ಲ. ಮೊದಲು ನಿನಗೇ ಬರೆಯಬೇಕಾದ ಸುದ್ದಿಯಾಗಿತ್ತು. ಊರಿಗೆಲ್ಲ ಹೇಳಿಯಾದ ಮೇಲೆ ನಿನಗೆ ಬರೆಯುತ್ತಿದ್ದೇನೆ. ಬಡ್ತಿಯಾಗಿ ಹೊಳಲ್ಕೆರೆಗೆ ಹಾಕಬಹುದು ಎನ್ನುತ್ತಾರೆ. ಆ ಊರಿನಲ್ಲಿ ಅಪ್ಪನ ಮನೆಯ ಮುಂದೆ ಒಬ್ಬನೇ ಹಾದುಹೋಗಬೇಕು. ಹಬ್ಬಕ್ಕೆ ಬಾ ಎಂದಿದ್ದೀಯಾ, ಬರುತ್ತೇನೆ. ಕೈಯಲ್ಲಿ ಏನು ಹಿಡಿದು ಬರಬೇಕೆಂದು ಮಾತ್ರ ತೋಚದು. ಹೂವು ಹಣ್ಣಿಗೂ ಈಗ ನನಗೆ ಹೆದರಿಕೆ.

ಸುದ್ದಿ ಬಂದ ದಿನ ಮಹಾದೇವಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದಳು. ಅಕ್ತರ್ ಬೀ ಮನೆಯಲ್ಲಿರಲಿಲ್ಲ, ಸಂಜೆ ಬಂದರು. ನಾನೇ ತಟ್ಟೆ ಹಿಡಿದು ಬಾಗಿಲಿಗೆ ಹೋದೆ. ಆಕೆ ಚಿಟಿಕೆ ಸಕ್ಕರೆ ತೆಗೆದುಕೊಂಡು, ಬಾಯಿಗೆ ಹಾಕದೆ ಕೈಯಲ್ಲೇ ಹಿಡಿದು ನಿಂತು ಕೇಳಿದರು:

“ನಿಮ್ದು ಆತು, ಖುಷಿ ಆತು ನೋಡ್ರಿ. ಇಬ್ರೂ ಕೂಡಿ ಓದ್ತಿದ್ರಲ್ಲ, ತಂಗೀದು ಏನಾತು?”